ಅಮ್ಮನ ಫೋನಿಗೆ ಕೊನೆಯ ಅಪ್‌ಡೇಟ್ ಬಂದದ್ದು ಯಾವಾಗ?

ನಮ್ಮ ಮನೆಗಳಲ್ಲಿ ಫೋನುಗಳು ಹರಿಯುವುದಕ್ಕೂ ಒಂದು ದಿಕ್ಕಿದೆ. ಹೊಸದು ಮೊದಲು ಬರುವುದು ಕಾಲೇಜಿಗೆ ಹೋಗುವ ಮಕ್ಕಳ ಕೈಗೆ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನ ಕೈಗೆ. ಅಣ್ಣ ಬಿಟ್ಟದ್ದು ಅಪ್ಪನಿಗೆ. ಅಪ್ಪ ಬಿಟ್ಟದ್ದು, ಮೂಲೆಯಲ್ಲಿ ಗಾಜು ಸೀಳಿ, ಹಿಂದಿನ ಕವರ್ ಹಳದಿಗಟ್ಟಿದ ಮೇಲೆ, ಅಮ್ಮನಿಗೆ. ‘ನಂಗೇನು, ವಾಟ್ಸ್‌ಆ್ಯಪ್ ನೋಡೋಕೆ ಇದೇ ಸಾಕು’ ಎಂದು ಅಮ್ಮ ಅದನ್ನು ಖುಷಿಯಿಂದಲೇ ತೆಗೆದುಕೊಳ್ಳುತ್ತಾಳೆ.

ಆದರೆ ಆ ಫೋನಿನಲ್ಲಿ ಏನೇನಿದೆ ಎಂದು ಒಮ್ಮೆ ನೋಡಿ. ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಮೆಸೇಜ್, ಸ್ತ್ರೀಶಕ್ತಿ ಸಂಘದ ಕಂತಿನ ಲೆಕ್ಕ, ಹಾಲಿನವರಿಗೂ ಹೂವಿನವರಿಗೂ ದುಡ್ಡು ಕಳಿಸುವ ಯುಪಿಐ ಆ್ಯಪ್, ಮನೆಮಂದಿಯ ಆಧಾರ್ ಕಾರ್ಡಿನ ಫೋಟೊಗಳು, ಬ್ಯಾಂಕಿನ ಒಟಿಪಿ. ಮನೆಯಲ್ಲಿರುವ ಅತಿ ಹಳೆಯ ಫೋನಿನೊಳಗೇ ಮನೆಯ ಬೀರುವಿನ ಕೀಲಿ ಇದೆ.

ಈಗ ಅದೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ‘ಅಬೌಟ್ ಫೋನ್’ ಒತ್ತಿ, ಆಂಡ್ರಾಯ್ಡ್ ಆವೃತ್ತಿಯ ಬಳಿ ‘ಸೆಕ್ಯುರಿಟಿ ಅಪ್‌ಡೇಟ್’ ಅಥವಾ ‘ಸೆಕ್ಯುರಿಟಿ ಪ್ಯಾಚ್ ಲೆವೆಲ್’ ಎಂಬ ಸಾಲನ್ನು ಹುಡುಕಿ. ಅಲ್ಲೊಂದು ದಿನಾಂಕವಿರುತ್ತದೆ. ನಮ್ಮ ಅಮ್ಮನ ಫೋನಿನಲ್ಲಿ ಅದು 2021ರ ಆಗಸ್ಟ್‌ನಲ್ಲಿ ನಿಂತುಹೋಗಿದೆ. ಅಂದರೆ ಆ ತಿಂಗಳ ನಂತರ ಜಗತ್ತು ಆಂಡ್ರಾಯ್ಡ್‌ನಲ್ಲಿ ಕಂಡುಹಿಡಿದು ಮುಚ್ಚಿದ ಯಾವ ಲೋಪವೂ ಆ ಫೋನಿನಲ್ಲಿ ಮುಚ್ಚಿಲ್ಲ.

‘ಮುಚ್ಚಿಲ್ಲ’ ಎನ್ನುವುದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಅಪ್‌ಡೇಟ್ ಹಾಕಿಕೊಳ್ಳದ ಫೋನು ನಿನ್ನೆ ಇದ್ದಷ್ಟೇ ಸುರಕ್ಷಿತವಾಗಿ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಇರುವುದಿಲ್ಲ. ಅಪ್‌ಡೇಟ್ ಬಿಡುಗಡೆಯಾದ ದಿನದಿಂದ ಅದರ ಅಪಾಯ ಹೆಚ್ಚುತ್ತಾ ಹೋಗುತ್ತದೆ. ಕಾರಣ ಸರಳ. ಗಿಟ್ ಬಳಸಿದ ಯಾವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೂ ಗೊತ್ತಿರುವಂತೆ, ಹಳೆಯ ಕೋಡ್ ಮತ್ತು ಹೊಸ ಕೋಡ್ ಅಕ್ಕಪಕ್ಕ ಇಟ್ಟರೆ ಎಲ್ಲಿ ಏನು ಬದಲಾಯಿತು ಎಂದು ತಿಳಿಯುತ್ತದೆ. ಕಂಪನಿಗಳು ಮೂಲ ಕೋಡ್ ಕೊಡದಿದ್ದರೂ, ತಯಾರಾದ ಫೈಲುಗಳನ್ನೇ ಹೀಗೆ ಹೋಲಿಸುವ ಸಾಧನಗಳಿವೆ. ಬದಲಾದ ಜಾಗವೇ ಮೊದಲು ತೂತಿದ್ದ ಜಾಗ. ಅಂದರೆ ಪ್ರತಿ ಅಪ್‌ಡೇಟೂ ಹಾಕಿಕೊಂಡವರಿಗೆ ಬೀಗ, ಹಾಕಿಕೊಳ್ಳದವರ ಮನೆಯ ಮುಂದೆ ಅಂಟಿಸಿದ ನೋಟಿಸು: ಈ ಮನೆಯ ಹಿತ್ತಲ ಬಾಗಿಲು ಸರಿಯಿಲ್ಲ. ಮೈಕ್ರೋಸಾಫ್ಟ್ 2003ರಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್ ಅಪ್‌ಡೇಟ್ ಕೊಡುತ್ತಾ ಬಂದಿದೆ. ಆ ಮಂಗಳವಾರಕ್ಕೆ ‘ಪ್ಯಾಚ್ ಟ್ಯೂಸ್‌ಡೇ’ ಎಂಬ ಹೆಸರು ಬಂದಂತೆ, ಮರುದಿನಕ್ಕೆ ‘ಎಕ್ಸ್‌ಪ್ಲಾಯ್ಟ್ ವೆಡ್ನೆಸ್‌ಡೇ’ ಎಂಬ ಅಡ್ಡಹೆಸರೂ ಬಂದಿದೆ. ಸುಮ್ಮನೆ ಬಂದದ್ದಲ್ಲ.

ಇದಕ್ಕೆ ಪಾಠದಂತಿರುವ ಘಟನೆ 2017ರದ್ದು. ವಿಂಡೋಸ್ ಕಂಪ್ಯೂಟರುಗಳು ಒಂದರಿಂದೊಂದು ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಒಂದು ಲೋಪವಿತ್ತು. ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಗೆ ಅದು ಗೊತ್ತಿತ್ತು. ಅದನ್ನು ಬಳಸಿ ‘ಎಟರ್ನಲ್‌ಬ್ಲೂ’ ಎಂಬ ಆಯುಧವನ್ನೂ ಮಾಡಿಕೊಂಡಿತ್ತು. ಮಾರ್ಚ್ 14ರಂದು ಮೈಕ್ರೋಸಾಫ್ಟ್ ಆ ಲೋಪ ಮುಚ್ಚುವ ಅಪ್‌ಡೇಟ್ ಕೊಟ್ಟಿತು, ಉಚಿತವಾಗಿ. ಏಪ್ರಿಲ್ 14ರಂದು ‘ಶ್ಯಾಡೋ ಬ್ರೋಕರ್ಸ್’ ಎಂದು ಹೇಳಿಕೊಂಡ ಗುಂಪೊಂದು ಆ ಆಯುಧವನ್ನೇ ಅಂತರ್ಜಾಲದಲ್ಲಿ ಬಿಟ್ಟಿತು. ಮೇ 12ರಂದು ‘ವನ್ನಾಕ್ರೈ’ ಶುರುವಾಯಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಒಂದು ಕಂಪ್ಯೂಟರ್‌ಗೆ ಹೊಕ್ಕರೆ ಅದೇ ನೆಟ್‌ವರ್ಕ್‌ನ ಮತ್ತೊಂದಕ್ಕೆ ತಾನೇ ಜಿಗಿಯುತ್ತಿತ್ತು. ಫೈಲುಗಳನ್ನೆಲ್ಲ ಬೀಗ ಹಾಕಿ, 300 ಡಾಲರ್ ಬಿಟ್‌ಕಾಯಿನ್ ಕೊಡಿ, ಮೂರು ದಿನ ತಡವಾದರೆ ದುಪ್ಪಟ್ಟು ಎನ್ನುತ್ತಿತ್ತು. 150ರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಸುಮಾರು 19 ಸಾವಿರ ರೋಗಿಗಳ ಭೇಟಿ ಹಾಗೂ ಚಿಕಿತ್ಸೆಗಳು ರದ್ದಾದವು ಎಂದು ಅಲ್ಲಿನ ಲೆಕ್ಕಪರಿಶೋಧಕರು ಆಮೇಲೆ ಅಂದಾಜು ಮಾಡಿದರು. ನಮ್ಮ ಪಕ್ಕದ ವಯನಾಡಿನಲ್ಲಿ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳು, ಆಂಧ್ರದಲ್ಲಿ ಪೊಲೀಸ್ ಇಲಾಖೆಯವು ಕೂಡ ಕೆಂಪು ಪರದೆ ತೋರಿಸಿ ಕುಳಿತವು.

ಅದನ್ನು ತಡೆದದ್ದು ಮಾರ್ಕಸ್ ಹಚಿನ್ಸ್ ಎಂಬ 22 ವರ್ಷದ ಇಂಗ್ಲಿಷ್ ಹುಡುಗ. ವೈರಸ್ ಪ್ರತಿ ಸಲವೂ ಒಂದು ಅರ್ಥವಿಲ್ಲದ ವೆಬ್ ವಿಳಾಸವನ್ನು ಸಂಪರ್ಕಿಸಲು ನೋಡುತ್ತಿರುವುದನ್ನು ಗಮನಿಸಿ, ಹತ್ತು ಡಾಲರ್ ಚಿಲ್ಲರೆ ಕೊಟ್ಟು ಆ ವಿಳಾಸವನ್ನು ನೋಂದಾಯಿಸಿಕೊಂಡ. ವಿಳಾಸ ಸಿಕ್ಕಿದ್ದೇ ವೈರಸ್ ಸುಮ್ಮನಾಯಿತು. ನಮ್ಮ ಹಾಸ್ಟೆಲ್‌ನಲ್ಲಿ ಈ ಕತೆಯನ್ನು ಸಿನಿಮಾ ಕತೆಯಂತೆ ಹೇಳುವವರಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ವಿವರ. ಆಗ ಎಲ್ಲರೂ ಬೈದದ್ದು ವಿಂಡೋಸ್ ಎಕ್ಸ್‌ಪಿಯನ್ನು, ಹಳೇ ಕಾಲದ್ದು ಎಂದು. ಆದರೆ ಸೋಂಕು ತಗುಲಿದವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು. ಅವುಗಳಿಗೆ ಔಷಧ 59 ದಿನ ಮೊದಲೇ ಬಂದಿತ್ತು. ಹಾಕಿಕೊಂಡಿರಲಿಲ್ಲ, ಅಷ್ಟೆ.

‘ಇದೆಲ್ಲ ಆಸ್ಪತ್ರೆ, ಕಚೇರಿಗಳ ಕತೆ, ನಮ್ಮ ಫೋನಿಗೇನು’ ಎನ್ನಬಹುದು. 2019ರಲ್ಲಿ ವಾಟ್ಸ್‌ಆ್ಯಪ್‌ನ ಕರೆ ಸೌಲಭ್ಯದಲ್ಲೇ ಒಂದು ಲೋಪ ಸಿಕ್ಕಿತು. ಬರೀ ಒಂದು ವಾಟ್ಸ್‌ಆ್ಯಪ್ ಕರೆ ಬಂದರೆ ಸಾಕು, ಎತ್ತದಿದ್ದರೂ ಪೆಗಾಸಸ್ ಎಂಬ ಬೇಹುಗಾರಿಕೆಯ ತಂತ್ರಾಂಶ ಒಳಗೆ ಇಳಿಯುತ್ತಿತ್ತು. ಸುಮಾರು 1,400 ಮಂದಿಯ ಮೇಲೆ ಅದನ್ನು ಬಳಸಲಾಗಿತ್ತು, ಅವರಲ್ಲಿ ಭಾರತದ ಪತ್ರಕರ್ತರು, ಹೋರಾಟಗಾರರೂ ಇದ್ದರು. ಆ ಬಾಗಿಲು ಮುಚ್ಚಿದ್ದು ಮೇ ತಿಂಗಳಲ್ಲಿ ಬಂದ ವಾಟ್ಸ್‌ಆ್ಯಪ್ ಅಪ್‌ಡೇಟ್. ಪೆಗಾಸಸ್ ಕೊಳ್ಳುವವರಿಗೆ ನಮ್ಮ ಅಮ್ಮಂದಿರ ‘ಶುಭೋದಯ’ ಮೆಸೇಜುಗಳಲ್ಲಿ ಆಸಕ್ತಿಯಿಲ್ಲ, ಒಪ್ಪುತ್ತೇನೆ. ಆದರೆ ಎಟರ್ನಲ್‌ಬ್ಲೂ ಕತೆ ನೆನಪಿಸಿಕೊಳ್ಳಿ. ದೊಡ್ಡವರು ಬೇಹುಗಾರಿಕೆಗೆಂದು ಮಾಡಿಟ್ಟ ಆಯುಧ ಸೋರಿಕೆಯಾದ ಒಂದೇ ತಿಂಗಳಲ್ಲಿ 300 ಡಾಲರ್ ಕೇಳುವ ಕಳ್ಳರ ಕೈಯಲ್ಲಿತ್ತು. ಮನೆಯ ಫೋನುಗಳಂತೆ ಅವೂ ಮೇಲಿನಿಂದ ಕೆಳಕ್ಕೆ ಹರಿಯುತ್ತವೆ.

ಹಾಗಾದರೆ ಅಮ್ಮ ಏಕೆ ಅಪ್‌ಡೇಟ್ ಒತ್ತುವುದಿಲ್ಲ? ಇಲ್ಲಿ ತಪ್ಪು ಆಕೆಯದಲ್ಲ. ‘ಏನೋ ಬಂದಿದೆ ಕಣೇ, ಇನ್‌ಸ್ಟಾಲ್ ಅಂತಿದೆ, ಒತ್ತಲಾ?’ ಎಂಬ ಕರೆ ಹಾಸ್ಟೆಲ್‌ನಲ್ಲಿರುವ ಎಲ್ಲ ಮಕ್ಕಳಿಗೂ ಬಂದಿರುತ್ತದೆ. ಎಲ್ಲರೂ ಕೊಡುವ ಉತ್ತರ ಒಂದೇ: ‘ಏನೂ ಒತ್ಬೇಡಮ್ಮ, ನಾನು ಬಂದಾಗ ನೋಡ್ತೀನಿ.’ ಈ ಉತ್ತರಕ್ಕೂ ಕಾರಣವಿದೆ. ಟ್ರಾಫಿಕ್ ದಂಡದ ಚಲನ್, ಮದುವೆ ಆಮಂತ್ರಣ, ಬ್ಯಾಂಕಿನ ಕೆವೈಸಿ, ಪಿಎಂ ಕಿಸಾನ್ ಹಣ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ ಒತ್ತಿ ಖಾತೆ ಬರಿದಾದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಪೊಲೀಸರು ಒತ್ತಬೇಡಿ ಎನ್ನುತ್ತಾರೆ, ಬ್ಯಾಂಕಿನವರು ಒತ್ತಬೇಡಿ ಎನ್ನುತ್ತಾರೆ, ನಾವೂ ಒತ್ತಬೇಡ ಎಂದೆವು. ಆಕೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದಳು. ಮೋಸದ ಗುಂಡಿಯನ್ನೂ ಒತ್ತಲಿಲ್ಲ, ರಕ್ಷಣೆಯ ಗುಂಡಿಯನ್ನೂ ಒತ್ತಲಿಲ್ಲ.

ಎರಡನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ. ತಂತ್ರಜ್ಞಾನ ಗೊತ್ತಿಲ್ಲದವರಿಗೂ ಹೇಳಬಹುದಾದ ಗುರುತು ಒಂದಿದೆ: ಯಾರೋ ಕಳಿಸಿದ್ದು ಅಪ್‌ಡೇಟ್ ಅಲ್ಲ. ಮೆಸೇಜಿನಲ್ಲಿ, ಲಿಂಕಿನಲ್ಲಿ, ಫೋನ್ ಮಾಡಿದವರ ಬಾಯಲ್ಲಿ, ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂದು ಮಿನುಗುವ ಜಾಹೀರಾತಿನಲ್ಲಿ ಬರುವ ಅಪ್‌ಡೇಟ್ ಎಲ್ಲವೂ ಸುಳ್ಳು. ನಿಜವಾದದ್ದು ಸಿಗುವುದು ಎರಡೇ ಜಾಗದಲ್ಲಿ. ಫೋನಿನದ್ದು ಸೆಟ್ಟಿಂಗ್ಸ್ ಒಳಗೆ, ಆ್ಯಪ್‌ಗಳದ್ದು ಪ್ಲೇಸ್ಟೋರ್ ಒಳಗೆ. ಪರದೆಯ ಮೇಲೆ ಏನೇ ಬಂದರೂ ಅದನ್ನು ಒತ್ತದೆ, ಮನೆಗೆ ಹೋಗಿ ಬಾಗಿಲು ತೆರೆದು ನೋಡುವ ಹಾಗೆ, ಸೆಟ್ಟಿಂಗ್ಸ್‌ಗೆ ತಾನೇ ಹೋಗಿ ನೋಡಬೇಕು. ಅಲ್ಲಿದ್ದರೆ ನಿಜ.

ಅಂದಹಾಗೆ ಎಪಿಕೆ ಮೋಸಕ್ಕೂ ಅಪ್‌ಡೇಟ್‌ಗೂ ಸಂಬಂಧವೇ ಇಲ್ಲ, ಅದು ಜನರ ಅಜಾಗರೂಕತೆ ಎಂದು ನಮ್ಮ ಕ್ಲಾಸಿನಲ್ಲೂ ವಾದಿಸುವವರಿದ್ದಾರೆ. ಅರ್ಧ ಸರಿ. ಒಟಿಪಿಯನ್ನು ನಾವೇ ಓದಿ ಹೇಳಿದರೆ ಯಾವ ಅಪ್‌ಡೇಟೂ ಕಾಪಾಡುವುದಿಲ್ಲ. ಆದರೆ ಉಳಿದರ್ಧ ನೋಡಿ. ಹಳೆಯ ಆಂಡ್ರಾಯ್ಡ್‌ನಲ್ಲಿ ‘ಅಪರಿಚಿತ ಮೂಲ’ ಎಂಬ ಒಂದೇ ಸ್ವಿಚ್ ಇತ್ತು. ಒಮ್ಮೆ ಒತ್ತಿದರೆ ಯಾವ ದಾರಿಯಿಂದ ಬಂದ ಎಪಿಕೆಗೂ ಬಾಗಿಲು ತೆರೆದಂತೆ. 2017ರ ಆಂಡ್ರಾಯ್ಡ್ 8ರಲ್ಲಿ ಅದನ್ನು ತೆಗೆದು, ವಾಟ್ಸ್‌ಆ್ಯಪ್‌ಗೆ ಬೇರೆ, ಬ್ರೌಸರ್‌ಗೆ ಬೇರೆ ಎಂದು ಪ್ರತಿಯೊಂದಕ್ಕೂ ಪ್ರತ್ಯೇಕ ಅನುಮತಿ ಮಾಡಿದರು. ಮೋಸದ ಆ್ಯಪ್‌ಗಳು ಪರದೆಯನ್ನು ಓದಲು, ನಮ್ಮ ಪರವಾಗಿ ಗುಂಡಿ ಒತ್ತಲು ಬಳಸುವುದು ‘ಆ್ಯಕ್ಸೆಸಿಬಿಲಿಟಿ’ ಅನುಮತಿಯನ್ನು. ಕಣ್ಣು ಕಾಣದವರ ನೆರವಿಗೆ ಇಟ್ಟ ಸೌಲಭ್ಯ ಅದು. 2022ರ ಆಂಡ್ರಾಯ್ಡ್ 13ರಿಂದ, ಹೊರಗಿನಿಂದ ಹಾಗೇ ಇಳಿಸಿಕೊಂಡ ಆ್ಯಪ್‌ಗಳಿಗೆ ಆ ಅನುಮತಿ ಸುಲಭವಾಗಿ ಸಿಗದಂತೆ ಅಡ್ಡಗಟ್ಟೆ ಹಾಕಿದ್ದಾರೆ. ಅಮ್ಮ ಎಡವಿದರೂ ಬೀಳದಂತೆ ಹಿಡಿದುಕೊಳ್ಳುವ ಇಂಥ ಕಂಬಿಗಳು ಬಂದದ್ದೂ ಹೊಸ ಆವೃತ್ತಿಗಳ ಮೂಲಕವೇ.

ಅಪ್‌ಡೇಟ್ ಎಂದರೆ ಹೆದರುವವರ ಮಾತಲ್ಲೂ ಹುರುಳಿದೆ, ಅದನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ‘ಅಪ್‌ಡೇಟ್ ಹಾಕಿದ್ರೆ ಫೋನ್ ಸ್ಲೋ ಆಗುತ್ತೆ’ ಎಂಬುದು ನಮ್ಮಲ್ಲಿ ಗಾದೆಯಷ್ಟೇ ಗಟ್ಟಿ. 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಸ್ವತಃ ಒಪ್ಪಿಕೊಂಡಿತು: ಬ್ಯಾಟರಿ ಸವೆದ ಹಳೆಯ ಐಫೋನುಗಳು ದಿಢೀರನೆ ಆಫ್ ಆಗದಿರಲೆಂದು ಅಪ್‌ಡೇಟ್ ಮೂಲಕ ಅವುಗಳ ವೇಗ ತಗ್ಗಿಸಿದ್ದೆವು ಎಂದು. ಕಾರಣ ಸರಿಯಿರಬಹುದು, ಆದರೆ ಬಳಸುವವರಿಗೆ ಹೇಳಿರಲಿಲ್ಲ. ಕ್ಷಮೆ ಕೇಳಿ, ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯನ್ನು 29 ಡಾಲರ್‌ಗೆ ಇಳಿಸಿತು. ಒಮ್ಮೆ ಕಳೆದ ನಂಬಿಕೆ ರಿಯಾಯಿತಿಯಲ್ಲಿ ವಾಪಸ್ ಬರುವುದಿಲ್ಲ ನೋಡಿ. ಇನ್ನು ಆಂಡ್ರಾಯ್ಡ್‌ನಲ್ಲಿ, ದೊಡ್ಡ ಅಪ್‌ಡೇಟ್ ನಂತರ ಫೋನು ಎಲ್ಲ ಆ್ಯಪ್‌ಗಳನ್ನೂ ಹೊಸದಾಗಿ ಹೊಂದಿಸಿಕೊಳ್ಳುವುದರಿಂದ ಒಂದೆರಡು ದಿನ ಬಿಸಿಯಾಗುವುದು, ತೆವಳುವುದು ಉಂಟು. 32 ಜಿಬಿಯ ಫೋನಿನಲ್ಲಿ ಫ್ಯಾಮಿಲಿ ಗ್ರೂಪಿನ ವಿಡಿಯೊಗಳೇ ತುಂಬಿಕೊಂಡಿದ್ದರೆ ಆ ತೆವಳಿಕೆ ನಿಲ್ಲುವುದೂ ಇಲ್ಲ.

ಅಪ್‌ಡೇಟೇ ಕೈಕೊಟ್ಟ ಉದಾಹರಣೆಗಳೂ ಇವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಇನ್ನೂ ಭಯಂಕರವಾದದ್ದು 2017ರ ಜೂನ್‌ನ ನಾಟ್‌ಪೆಟ್ಯಾ. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ತಂತ್ರಾಂಶವೊಂದರ ಅಪ್‌ಡೇಟ್ ವ್ಯವಸ್ಥೆಯೊಳಗೇ ದಾಳಿಕೋರರು ನುಸುಳಿ, ಅಪ್‌ಡೇಟ್ ರೂಪದಲ್ಲೇ ವಿಷ ಹಂಚಿದರು. ಮುಂಬೈನ ಜವಾಹರಲಾಲ್ ನೆಹರೂ ಬಂದರಿನಲ್ಲಿ ಮೇರ್ಸ್ಕ್ ಕಂಪನಿ ನಡೆಸುವ ಟರ್ಮಿನಲ್‌ವರೆಗೂ ಅದರ ಏಟು ಬಿತ್ತು.

ಆದರೆ ಆ ಏಟು ಹಾಗೆ ಹರಡಿದ್ದು ಹೇಗೆ ಗೊತ್ತೇ? ಒಮ್ಮೆ ಒಳಗೆ ಬಂದ ಮೇಲೆ ನಾಟ್‌ಪೆಟ್ಯಾ ಬಳಸಿಕೊಂಡ ದಾರಿಗಳಲ್ಲಿ ಒಂದು ಅದೇ ಎಟರ್ನಲ್‌ಬ್ಲೂ. ವನ್ನಾಕ್ರೈ ಬಂದು ಒಂದೂವರೆ ತಿಂಗಳಾದರೂ ಮಾರ್ಚ್‌ನ ಅಪ್‌ಡೇಟ್ ಹಾಕಿಕೊಳ್ಳದವರು ಅಷ್ಟೊಂದು ಮಂದಿ ಉಳಿದಿದ್ದರು. ನನ್ನ ಲೆಕ್ಕದಲ್ಲಿ, ಆಂಡ್ರಾಯ್ಡ್‌ನ ಸಂಖ್ಯೆಯೇ ಬದಲಾಗುವ ದೊಡ್ಡ ಅಪ್‌ಡೇಟ್ ಬಂದಾಗ ಒಂದು ವಾರ ಕಾದು, ಬೇರೆಯವರಿಗೇನಾಯಿತು ಎಂದು ನೋಡಿ ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಬರೀ ‘ಸೆಕ್ಯುರಿಟಿ ಅಪ್‌ಡೇಟ್’ ಎಂದಿದ್ದರೆ ಅಂದೇ ರಾತ್ರಿ ಚಾರ್ಜಿಗೆ ಹಾಕಿ ಮುಗಿಸಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಎಂಬ ಭಯವೂ ಈಗ ಅಷ್ಟು ಬೇಕಿಲ್ಲ. ಈಚಿನ ಅನೇಕ ಫೋನುಗಳಲ್ಲಿ ಹೊಸ ವ್ಯವಸ್ಥೆ ಪಕ್ಕದ ಖಾಲಿ ಜಾಗದಲ್ಲಿ ತಯಾರಾಗುತ್ತದೆ, ರೀಸ್ಟಾರ್ಟ್ ಆದಾಗ ಕೆಟ್ಟಿದ್ದರೆ ಹಳೆಯದಕ್ಕೇ ಮರಳುತ್ತದೆ.

ಇಷ್ಟೆಲ್ಲ ಹೇಳಿದರೂ ಅಮ್ಮನ ಫೋನಿನ ಸಮಸ್ಯೆ ಮುಗಿಯಲಿಲ್ಲ. ಏಕೆಂದರೆ ಆಕೆ ಒತ್ತಿದರೂ ಬರುವುದು ‘ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ’ ಎಂಬ ಉತ್ತರ. ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ವಾಕ್ಯ ಇದು. 2021ರಲ್ಲಿ ನಿಂತುಹೋದ ಫೋನು ತಾನು ಹೊಚ್ಚ ಹೊಸದು ಎನ್ನುತ್ತದೆ. ನಿಜವಾಗಿ ಹೇಳಬೇಕಾದದ್ದು ‘ನಿಮಗೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದೇವೆ’ ಎಂದು.

ಇದರ ಹಿಂದೆ ಒಂದು ಉದ್ದದ ಸರಪಳಿ ಇದೆ. ಗೂಗಲ್ ಪ್ರತಿ ತಿಂಗಳೂ ಲೋಪಗಳ ಪಟ್ಟಿ ಹೊರಡಿಸುತ್ತದೆ. ಈ ಅಭ್ಯಾಸ ಶುರುವಾದದ್ದು 2015ರಲ್ಲಿ, ಒಂದು ಎಂಎಂಎಸ್ ಮೆಸೇಜಿನಿಂದಲೇ ಫೋನನ್ನು ವಶಪಡಿಸಿಕೊಳ್ಳಬಹುದಾದ ‘ಸ್ಟೇಜ್‌ಫ್ರೈಟ್’ ಎಂಬ ಲೋಪ ಬಯಲಾದ ಮೇಲೆ. ಆದರೆ ಗೂಗಲ್ ಮುಚ್ಚಿದರೆ ಸಾಲದು. ಚಿಪ್ ತಯಾರಕರು ತಮ್ಮ ಭಾಗ ಸರಿಪಡಿಸಬೇಕು, ಆಮೇಲೆ ಫೋನ್ ಕಂಪನಿ ತನ್ನ ಒಂದೊಂದು ಮಾಡೆಲ್‌ಗೂ ಅದನ್ನು ಹೊಂದಿಸಿ, ಪರೀಕ್ಷಿಸಿ ಕಳಿಸಬೇಕು. ಎಂಟು ಸಾವಿರದ ಫೋನನ್ನು ಮಾರಿಯಾದ ಮೇಲೆ ಈ ಕೆಲಸಕ್ಕೆ ಕಂಪನಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷಗಳ ಅಪ್‌ಡೇಟ್ ಭರವಸೆ ಕೊಟ್ಟವು. ಒಳ್ಳೆಯದೇ. ಆದರೆ ಅವು ಅಮ್ಮನ ಕೈಗೆ ಬರುವ ಫೋನುಗಳಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾಡೆಲ್ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕೆಂಬ ನಿಯಮ ಜಾರಿಗೆ ಬಂದಿದೆ. ನಮ್ಮಲ್ಲಿ ಬ್ರೆಡ್ ಪ್ಯಾಕೆಟ್ ಮೇಲೆ ಅವಧಿ ಮುಗಿಯುವ ದಿನ ಇರುತ್ತದೆ, ಮಾತ್ರೆಯ ಸ್ಟ್ರಿಪ್ ಮೇಲೆ ಇರುತ್ತದೆ. ಫೋನಿನ ಡಬ್ಬದ ಮೇಲೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದಿರುತ್ತದೆ, ಎಂಆರ್‌ಪಿ ಇರುತ್ತದೆ. ‘ಇಂಥ ತಿಂಗಳವರೆಗೆ ಸೆಕ್ಯುರಿಟಿ ಅಪ್‌ಡೇಟ್’ ಎಂಬ ಒಂದು ಸಾಲು ಮುದ್ರಿಸಲು ಎಷ್ಟು ಶಾಯಿ ಬೇಕು? ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ, ಮಾರುವವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಕೇಳುವವರು ಹೆಚ್ಚಾದರೆ ನೋಟ ಬದಲಾದೀತು.

ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಕತೆಯೂ ಇದೇ. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಅಂಗಡಿಯ ಕಂಪ್ಯೂಟರಿಗೆ ಎರಡೂ ತಿಳಿದಿಲ್ಲ. ರೆಕಾರ್ಡ್ ಬುಕ್ ಸಲ್ಲಿಸುವ ವಾರದಲ್ಲಿ ಸಾಲುಗಟ್ಟಿ ನಿಂತು ಒಬ್ಬರಾದ ಮೇಲೊಬ್ಬರು ಅದಕ್ಕೆ ಪೆನ್‌ಡ್ರೈವ್ ಚುಚ್ಚುತ್ತಾರೆ, ಅದೇ ಪೆನ್‌ಡ್ರೈವ್ ಲ್ಯಾಬಿಗೂ ಹೋಗುತ್ತದೆ. ಅಲ್ಲಿ ಆಧಾರ್ ಕಾರ್ಡ್ ಪ್ರಿಂಟ್ ತೆಗೆಸಿದವರು ಫೈಲ್ ಡಿಲೀಟ್ ಆಯಿತೇ ಎಂದು ನೋಡಿಯೇ ಹೊರಡುವುದು ಒಳ್ಳೆಯದು.

ಅಪ್‌ಡೇಟ್ ನಿಂತ ಫೋನನ್ನು ಇಂದೇ ಎಸೆಯಿರಿ ಎಂದು ಹೇಳುವಷ್ಟು ದುಡ್ಡು ಎಷ್ಟು ಮನೆಗಳಲ್ಲಿದೆ? ಆದರೆ ಮಾಡಬಹುದಾದದ್ದು ಇದೆ. ಫೋನ್ ಕಂಪನಿ ಕೈಬಿಟ್ಟರೂ ಪ್ಲೇಸ್ಟೋರ್ ಇನ್ನೂ ಕೈಬಿಟ್ಟಿರುವುದಿಲ್ಲ. ಕ್ರೋಮ್, ವಾಟ್ಸ್‌ಆ್ಯಪ್, ಯುಪಿಐ ಆ್ಯಪ್, ಈ ಮೂರಕ್ಕಾದರೂ ಅಪ್‌ಡೇಟ್ ಹಾಕಿಡಬೇಕು. ಹೊರಗಿನಿಂದ ಬರುವುದೆಲ್ಲ ಮೊದಲು ಮುಟ್ಟುವುದು ಅವನ್ನೇ. ಅಮ್ಮನ ಫೋನಿನಲ್ಲಿ ಅವು ತಿಂಗಳುಗಟ್ಟಲೆ ಬಾಕಿ ಇರುವುದಕ್ಕೆ ಸಾಮಾನ್ಯ ಕಾರಣ, ವೈಫೈ ಇದ್ದರೆ ಮಾತ್ರ ಅಪ್‌ಡೇಟ್ ಎಂಬ ಸೆಟ್ಟಿಂಗ್. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಅದು ಎಂದೂ ಆಗುವುದಿಲ್ಲ. ಊರಿಗೆ ಹೋದಾಗ ನಮ್ಮ ಹಾಟ್‌ಸ್ಪಾಟ್ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಆಂಡ್ರಾಯ್ಡ್ 10 ಮತ್ತು ಮೇಲಿನವುಗಳಲ್ಲಿ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಎಂಬ ಬೇರೆಯದೇ ಸಾಲು ಇರುತ್ತದೆ. ಫೋನ್ ಕಂಪನಿಯನ್ನು ಕಾಯದೆ ಕೆಲವು ಭಾಗಗಳನ್ನು ಗೂಗಲ್ ನೇರವಾಗಿ ಸರಿಪಡಿಸುವ ದಾರಿ ಅದು, ಅದನ್ನೂ ಒತ್ತಿ ನೋಡಿ. ಯುಪಿಐಗೆ ಉಳಿತಾಯದ ದೊಡ್ಡ ಖಾತೆಯ ಬದಲು, ತಿಂಗಳ ಖರ್ಚಿನಷ್ಟೇ ಇರುವ ಇನ್ನೊಂದು ಖಾತೆ ಜೋಡಿಸುವುದು ಇನ್ನೂ ವಾಸಿ. ದುಡ್ಡು ಹೋಗಿಬಿಟ್ಟರೆ ಮೊದಲ ಕರೆ 1930ಕ್ಕೆ, ಮಗಳಿಗಲ್ಲ. ಆ ನಂಬರನ್ನು ಅಮ್ಮನ ಫೋನಿನಲ್ಲಿ ಹೆಸರು ಹಾಕಿ ಸೇವ್ ಮಾಡಿಡಿ.

ಮನೆಗೆ ಮುಂದಿನ ಸಲ ಹೊಸ ಫೋನ್ ಬಂದಾಗ ಹರಿಯುವ ದಿಕ್ಕನ್ನೂ ಒಮ್ಮೆ ಪ್ರಶ್ನಿಸಬಹುದು. ರೀಲ್ಸ್ ನೋಡುವ ನಮಗೆ ಹೊಸದು, ಬ್ಯಾಂಕ್ ನಡೆಸುವವಳಿಗೆ ಹಳೆಯದು ಎಂಬ ಹಂಚಿಕೆ ನನಗಂತೂ ಸರಿ ಕಾಣುತ್ತಿಲ್ಲ. ಈ ಸಲ ಅಣ್ಣ ಫೋನ್ ಬದಲಿಸಿದಾಗ ಅವನದ್ದು ನೇರ ಅಮ್ಮನಿಗೆ ಹೋಗಬೇಕೆಂದು ನಮ್ಮ ಮನೆಯಲ್ಲಿ ಮಾತಾಗಿದೆ. ಅಪ್ಪ ಸ್ವಲ್ಪ ಮುಖ ಊದಿಸಿಕೊಂಡಿದ್ದಾರೆ. 2021ರಲ್ಲಿ ನಿಂತ ಫೋನಿಗೂ ಗಿರಾಕಿ ಸಿಕ್ಕಿದೆ: ಸಿಮ್ ತೆಗೆದು, ಖಾತೆಗಳನ್ನೆಲ್ಲ ಅಳಿಸಿ, ರೀಸೆಟ್ ಮಾಡಿ, ದಾಸರ ಪದಗಳನ್ನು ತುಂಬಿಸಿ ಕೊಡು ಎಂದು ಅಜ್ಜಿ ಆಗಲೇ ಕೇಳಿದ್ದಾಳೆ.